ಹೊಸ ಚಿಪ್ ಕಾರ್ಖಾನೆಗೆ ಹಳೆಯ ಹಾಳೆ: ಒಂದು ಪ್ರಕರಣ ಅಧ್ಯಯನ

ಸಿಲಿಕಾನ್ ವೇಫರ್‌ಗಳ (ತೆಳು ಬಿಲ್ಲೆಗಳ) ಮೇಲೆ ಒತ್ತಡ ಸಂವೇದಕಗಳನ್ನು ಕೊರೆಯುವ ಕಾರ್ಖಾನೆಯೊಂದನ್ನು ಹೊಸದಾಗಿ ಕಟ್ಟಿದ ಪ್ರಕರಣ ಇದು. ಸಂಸ್ಥೆ ಯಾವುದು, ಎಲ್ಲಿಯದು, ಸಲಹೆಗಾರರೂ ಗುತ್ತಿಗೆದಾರರೂ ಯಾರು ಎಂದು ತಿಳಿಯದಂತೆ ವಿವರಗಳನ್ನು ಮರೆಮಾಚಿ, ಅಂಕಿಗಳನ್ನು ದುಂಡಗೆ ಮಾಡಿ ಕೊಟ್ಟಿದೆ. ತೀರ್ಮಾನಗಳನ್ನೂ ಅವುಗಳ ಹಿಂದಿನ ಲೆಕ್ಕವನ್ನೂ ಮಾತ್ರ ಹಾಗೆಯೇ ಉಳಿಸಿಕೊಂಡಿದೆ.

ಹಿನ್ನೆಲೆ

ಸಂಸ್ಥೆಯ ಹಳೆಯ ಘಟಕ ಪೂರ್ತಿ ಹೊರೆಯಲ್ಲಿ ಓಡುತ್ತಿತ್ತು. ಅದರ ಜಾಗಕ್ಕೆ 2,400 ಚದರ ಮೀಟರ್ ಕ್ಲೀನ್‌ರೂಮ್ (ಗಾಳಿಯ ಕಣಗಳನ್ನು ಸೋಸಿ ತೆಗೆದ ಕೋಣೆ) ಇರುವ ಹೊಸ ಘಟಕ ಬೇಕಾಗಿತ್ತು. ಹೊರಗಾಳಿ ವರ್ಷದ ಬಹುಪಾಲು ಬೆಚ್ಚಗೂ ತೇವವಾಗಿಯೂ ಇರುವ ಪ್ರದೇಶ. ವಿನ್ಯಾಸಕ್ಕೆ ಹಿಡಿದದ್ದು 30 ಡಿಗ್ರಿ ಸೆಲ್ಸಿಯಸ್, ಒಂದು ಕಿಲೋ ಗಾಳಿಗೆ 20 ಗ್ರಾಂ ನೀರಾವಿ.

ಆಡಳಿತ ಮಂಡಳಿಯ ಸೂಚನೆ ಎರಡೇ ಸಾಲಿನದು: ಕಾರ್ಖಾನೆ ಪರಿಸರಸ್ನೇಹಿಯಾಗಿರಬೇಕು, ಉತ್ಪನ್ನದ ಗುಣಮಟ್ಟಕ್ಕೆ ಕುಂದು ಬರಬಾರದು. ಮೊದಲ ನಕ್ಷೆಯಲ್ಲಿ ಇದು ಚಾವಣಿಯ ಮೇಲೆ ಸೌರಫಲಕಗಳಾಗಿ, ಮುಂಭಾಗದಲ್ಲಿ ಬಳ್ಳಿ ಹಬ್ಬಿಸಿದ ಗೋಡೆಯಾಗಿ, ನೆಲದಡಿಯ ಮಳೆನೀರಿನ ತೊಟ್ಟಿಯಾಗಿ ಮೂಡಿತ್ತು. ಒಳಗಿನ ಗಾಳಿ, ನೀರು, ತಂಪಿನ ವ್ಯವಸ್ಥೆ ಮಾತ್ರ ಹಳೆಯ ಘಟಕದ ನಕಲು, ಅಳತೆಯಲ್ಲಷ್ಟೇ ದೊಡ್ಡದು.

ಸೌರಫಲಕದ ಲೆಕ್ಕವನ್ನು ಅರ್ಧ ದಿನದಲ್ಲಿ ಮುಗಿಸಬಹುದಿತ್ತು, ಮುಗಿಸಿದರು ಕೂಡ. ಚಾವಣಿ ಸುಮಾರು 5,000 ಚದರ ಮೀಟರ್. ಯಂತ್ರಗಳ ಕೆಟ್ಟ ಗಾಳಿ ಹೊರಹಾಕುವ ಎಕ್ಸಾಸ್ಟ್ ಕೊಳವೆಗಳು, ಆ ಗಾಳಿಯನ್ನು ನೀರಿನಲ್ಲಿ ತೊಳೆಯುವ ಸ್ಕ್ರಬ್ಬರ್‌ಗಳು, ನೀರಿನ ಶಾಖವನ್ನು ಹೊರಗೆ ಬಿಡುವ ಕೂಲಿಂಗ್ ಟವರ್‌ಗಳು, ಅವುಗಳ ಸುತ್ತ ಓಡಾಡುವ ದಾರಿ ಕಳೆದರೆ ಫಲಕಕ್ಕೆ ಉಳಿಯುವುದು 2,200. ಚದರ ಮೀಟರಿಗೆ 200 ವ್ಯಾಟ್ ಎಂದರೆ 440 ಕಿಲೋವ್ಯಾಟ್ ಸಾಮರ್ಥ್ಯ. ರಾತ್ರಿ, ಮೋಡ ಎಲ್ಲ ಸೇರಿಸಿ ವರ್ಷದ ಸರಾಸರಿ ತೆಗೆದರೆ 70 ಕಿಲೋವ್ಯಾಟ್ ಆಸುಪಾಸು. ಕಾರ್ಖಾನೆಯ ಸರಾಸರಿ ಹೊರೆ 2.5 ಮೆಗಾವ್ಯಾಟ್‌ಗಿಂತ ಹೆಚ್ಚು. ಅಂದರೆ ಶೇ. 3ನ್ನೂ ಮುಟ್ಟುವುದಿಲ್ಲ. ಫಲಕ ಹಾಕಬಾರದೆಂದಲ್ಲ, ಕೊನೆಗೆ ಹಾಕಿದರು. ಆದರೆ ವಿನ್ಯಾಸ ಸಭೆಗಳ ಅರ್ಧ ಹೊತ್ತು ಈ ಶೇ. 3ರ ಸುತ್ತಲೇ ಗಿರಕಿ ಹೊಡೆಯುತ್ತಿತ್ತು.

ಅದೇ ಸಭೆಯಲ್ಲಿ ಪಕ್ಕಕ್ಕಿಟ್ಟ ಇನ್ನೊಂದು ಲೆಕ್ಕ ನೋಡಿ. ಸಿಲಿಕಾನನ್ನು ಆಳವಾಗಿ ಕೊರೆಯುವ ಯಂತ್ರಗಳು ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ ಬಳಸುತ್ತವೆ. ನೂರು ವರ್ಷದ ಅವಧಿಗೆ ಲೆಕ್ಕ ಹಾಕಿದರೆ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದರ ಒಂದು ಕಿಲೋ ಸುಮಾರು 23,500 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಯಂತ್ರದಲ್ಲಿ ಒಡೆಯದೆ ಉಳಿದ ಅನಿಲ ವರ್ಷಕ್ಕೆ 100 ಕಿಲೋ ಹೊರಹೋದರೂ 2,350 ಟನ್ ಆಯಿತು. ಚಾವಣಿಯ ಫಲಕಗಳು ತಪ್ಪಿಸುವುದು, ಯೂನಿಟ್‌ಗೆ ಒಂದು ಕಿಲೋ ಎಂದು ಉದಾರವಾಗಿ ಹಿಡಿದರೂ, ವರ್ಷಕ್ಕೆ 600 ಟನ್. ಆದರೂ ಮೊದಲ ನಕ್ಷೆಯಲ್ಲಿ ಆ ಅನಿಲವನ್ನು ಸುಟ್ಟು ಒಡೆಯುವ ಸಾಧನಕ್ಕೆ ಜಾಗವೇ ಇರಲಿಲ್ಲ.

ಸಮಸ್ಯೆ ಒಂದು ಹಾಳೆಯಲ್ಲಿತ್ತು

ಉತ್ಪಾದನಾ ವಿಭಾಗ ಕೊಟ್ಟ ಅಗತ್ಯ ಪಟ್ಟಿ ಒಂದೇ ಹಾಳೆಯದು. ಬೆಳಕಿನಿಂದ ವೇಫರ್ ಮೇಲೆ ನಕ್ಷೆ ಮೂಡಿಸುವ ಫೋಟೊಲಿಥೊಗ್ರಫಿ ಕೋಣೆಗೆ ಗಾಳಿಯ ಶುದ್ಧತೆಯ ದರ್ಜೆ ಐಎಸ್‌ಒ 5, ಉಳಿದೆಲ್ಲಕ್ಕೂ ಐಎಸ್‌ಒ 6 (ಅಂಕಿ ಚಿಕ್ಕದಾದಷ್ಟೂ ಶುದ್ಧ). ತಾಪ 22 ± 0.5 ಡಿಗ್ರಿ. ಸಾಪೇಕ್ಷ ಆರ್ದ್ರತೆ ಶೇ. 45 ± 3. ಜೊತೆಗೆ ಯಂತ್ರಗಳ ಪಟ್ಟಿ, ಪ್ರತಿಯೊಂದರ ನೇಮ್‌ಪ್ಲೇಟ್ (ಯಂತ್ರದ ಮೇಲೆ ಬರೆದ ಗರಿಷ್ಠ) ವಿದ್ಯುತ್ ಮತ್ತು ಎಕ್ಸಾಸ್ಟ್. ನೇಮ್‌ಪ್ಲೇಟ್‌ಗಳನ್ನು ಕೂಡಿಸಿದರೆ 3,000 ಕಿಲೋವ್ಯಾಟ್, ಎಕ್ಸಾಸ್ಟ್ ಸೆಕೆಂಡಿಗೆ 28 ಘನ ಮೀಟರ್.

ಈ ಹಾಳೆಯಿಂದ ಮುಂದಿನದೆಲ್ಲ ತಾನಾಗಿ ಹುಟ್ಟಿತು. ಎಕ್ಸಾಸ್ಟ್ ಆಗಿ ಹೋದಷ್ಟು ಗಾಳಿಯನ್ನು ಹೊರಗಿನಿಂದ ತುಂಬಬೇಕು, ಸೋರಿಕೆಗೆ ಇನ್ನು 4 ಸೇರಿಸಿದರೆ 32. ಆ ಗಾಳಿಯನ್ನು 9.5 ಡಿಗ್ರಿಯ ಇಬ್ಬನಿ ಬಿಂದುವಿಗೆ, ಅಂದರೆ ನೀರಾವಿ ಹನಿಗಟ್ಟತೊಡಗುವ ತಾಪಕ್ಕೆ, ಇಳಿಸಬೇಕು, ಯಾಕೆಂದರೆ 22 ಡಿಗ್ರಿಯಲ್ಲಿ ಶೇ. 45 ಆರ್ದ್ರತೆ ಎಂದರೆ ಅಷ್ಟೇ. ಸೆಕೆಂಡಿಗೆ ಒಂದು ಘನ ಮೀಟರ್ ಗಾಳಿಯನ್ನು ಹೀಗೆ ಒಣಗಿಸಲು ಸುಮಾರು 64 ಕಿಲೋವ್ಯಾಟ್ ತಂಪು ಬೇಕು. ಯಂತ್ರ, ಫ್ಯಾನುಗಳ ಶಾಖವೂ ಸೇರಿ ಒಟ್ಟು ತಂಪಿನ ಹೊರೆ 5,200 ಕಿಲೋವ್ಯಾಟ್, ನೀರು ತಣ್ಣಗಾಗಿಸುವ 1,750ರ ನಾಲ್ಕು ಚಿಲ್ಲರ್‌ಗಳು, ನಾಲ್ಕರಲ್ಲೊಂದು ಬದಲಿಗೆ, ಎಲ್ಲವೂ 6 ಡಿಗ್ರಿಯ ನೀರು ಕೊಡುವಂಥವು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ಹಾಳೆಯ ಅಂಕಿಗಳ ಫಲ ಏನೆಂದು ಹಳೆಯ ಘಟಕದಲ್ಲಿ ಕಣ್ಣಾರೆ ಕಾಣುತ್ತಿತ್ತು. ಅಲ್ಲಿನ ಒಂದು ಗಾಳಿ ಸಂಸ್ಕರಣ ಯಂತ್ರದ ತೆರೆಯ ಮೇಲೆ ತಣ್ಣೀರಿನ ವಾಲ್ವ್ ಶೇ. 80 ತೆರೆದಿದೆ ಎಂದು ತೋರಿಸುತ್ತಿತ್ತು, ಅದರ ಹಿಂದೆ ಎರಡಡಿ ದೂರದ ಬಿಸಿನೀರಿನ ವಾಲ್ವ್ ಶೇ. 60. ಮುಂದಿನ ಕಾಯಿಲಿನ (ಗಾಳಿ ಹಾಯುವ ಕೊಳವೆಸುರುಳಿಯ) ಕೊಳವೆ ಬೆವರುತ್ತಿದೆ, ಹಿಂದಿನದು ಮುಟ್ಟಿದರೆ ಕೈ ಸುಡುತ್ತದೆ. ಗಾಳಿಯನ್ನು ತೇವ ಇಳಿಯುವಷ್ಟು ತಣ್ಣಗಾಗಿಸಿ, ಮರುಕ್ಷಣವೇ ಬಾಯ್ಲರ್ ನೀರಿನಿಂದ ಬಿಸಿ ಮಾಡುತ್ತಿದ್ದರು. ಪಕ್ಕದ ಕೋಣೆಯ ಯಂತ್ರದಲ್ಲಿ ಅದೇ ಹೊತ್ತಿಗೆ ಹಬೆಯಿಂದ ತೇವ ಸೇರಿಸುತ್ತಿದ್ದರು. ಎರಡು ಕೋಣೆಗಳ ಆರ್ದ್ರತೆ ಸಂವೇದಕಗಳ ನಡುವೆ ಶೇ. 4 ವ್ಯತ್ಯಾಸ, ಅಷ್ಟೇ ಕಾರಣ. ± 3ರ ಪಟ್ಟಿಯನ್ನು ± 2 ನಿಖರತೆಯ ಸಂವೇದಕದಿಂದ ಕಾಯಲು ಹೊರಟರೆ ಒಂದು ಯಂತ್ರ ಒಣಗಿಸುತ್ತಿರುತ್ತದೆ, ಇನ್ನೊಂದು ನೆನೆಸುತ್ತಿರುತ್ತದೆ. ಇಬ್ಬರಿಗೂ ತಮ್ಮ ಕೆಲಸ ಸರಿಯಾಗೇ ನಡೆಯುತ್ತಿದೆ ಅನ್ನಿಸುತ್ತದೆ.

ಮೊದಲ ತಿರುವು: ಎಂಟು ವಾರದ ತಡೆ

ವಿನ್ಯಾಸವನ್ನು ಎಂಟು ವಾರ ನಿಲ್ಲಿಸಿ ಹಳೆಯ ಘಟಕವನ್ನು ಅಳೆಯಬೇಕು ಎಂಬ ಪ್ರಸ್ತಾವಕ್ಕೆ ಯೋಜನಾ ವ್ಯವಸ್ಥಾಪಕರ ವಿರೋಧವಿತ್ತು. ವೇಳಾಪಟ್ಟಿ ಕೈಯಲ್ಲಿ ಹಿಡಿದವರಿಗೆ ಇದು ಸಹಜ. ಕೊನೆಗೆ ಅಡಿಪಾಯದ ಕೆಲಸ ಮುಂದುವರಿಸಿ ಯಂತ್ರವ್ಯವಸ್ಥೆಯ ವಿನ್ಯಾಸವನ್ನಷ್ಟೇ ತಡೆಹಿಡಿಯುವ ಒಪ್ಪಂದವಾಯಿತು. ಇಡೀ ಯೋಜನೆಯಲ್ಲಿ ಇದಕ್ಕಿಂತ ಲಾಭದ ತೀರ್ಮಾನ ಇನ್ನೊಂದಿಲ್ಲ.

ಅಳತೆ ಸರಳ. ಮುಖ್ಯ 30 ಯಂತ್ರಗಳ ವಿದ್ಯುತ್ ತಂತಿಗೆ ಕ್ಲ್ಯಾಂಪ್ ಮೀಟರ್ ಹಾಕಿ ನಿಮಿಷಕ್ಕೊಂದು ದಾಖಲೆ, ಎರಡು ವಾರ. ಎಕ್ಸಾಸ್ಟ್ ಕೊಳವೆಗಳಲ್ಲಿ ಗಾಳಿಯ ವೇಗ. ಪ್ರತಿ ಕೋಣೆಯಲ್ಲಿ ಕೆಲಸದ ಹೊತ್ತಿನಲ್ಲೂ ಖಾಲಿ ಹೊತ್ತಿನಲ್ಲೂ ಕಣಗಳ ಎಣಿಕೆ. 60 ಕಿಲೋವ್ಯಾಟ್ ಎಂದು ಬರೆದುಕೊಂಡಿದ್ದ ಕುಲುಮೆ ಬಿಸಿಯೇರುವ 40 ನಿಮಿಷ 52 ಎಳೆಯುತ್ತಿತ್ತು, ಉಳಿದ ಹೊತ್ತು 14ರಿಂದ 18. ಎಲ್ಲ ಕೂಡಿಸಿ ಹೊಸ ಘಟಕಕ್ಕೆ ಹೊಂದಿಸಿದಾಗ ಯಂತ್ರಗಳ ಹೊರೆ ಸರಾಸರಿ 1,350, ಒಮ್ಮೆಗೆ ಗರಿಷ್ಠ 1,650 ಕಿಲೋವ್ಯಾಟ್ ಬಂತು. 3,000 ಎಲ್ಲಿಯೂ ಇರಲಿಲ್ಲ. ಎಕ್ಸಾಸ್ಟ್ 28ರ ಬದಲು 20 ಸಾಕಾಗಿತ್ತು.

ಜೊತೆಗೆ ಅಗತ್ಯ ಪಟ್ಟಿಯ ಒಂದು ಹಾಳೆಯನ್ನು ಒಂದು ಕೋಷ್ಟಕವಾಗಿ ಬರೆದರು. ನಾಲ್ಕು ಅಂಕಣ: ಅಂಕಿ ಎಷ್ಟು, ಕೇಳಿದವರು ಯಾರು, ಯಾಕೆ, ಅಳೆಯುವುದು ಹೇಗೆ. ಮೂರನೆಯ ಅಂಕಣ ತುಂಬಿಸಲು ಹೋದಾಗಲೇ ನಿಜಸಂಗತಿ ಹೊರಬಿದ್ದದ್ದು. ಶೇ. ± 3 ಆರ್ದ್ರತೆ ಬೇಕಾಗಿದ್ದದ್ದು ಫೋಟೊರೆಸಿಸ್ಟ್ (ಬೆಳಕಿಗೆ ಸ್ಪಂದಿಸುವ ರಾಸಾಯನಿಕ) ಲೇಪಿಸುವ ಒಂದು ಹಳೆಯ ಯಂತ್ರಕ್ಕೆ. ಆ ಯಂತ್ರವನ್ನು ತೆಗೆದು ಎಷ್ಟೋ ಕಾಲವಾಗಿತ್ತು. ಅದರ ಜಾಗಕ್ಕೆ ಬಂದ ಯಂತ್ರಕ್ಕೆ ತನ್ನ ಪೆಟ್ಟಿಗೆಯೊಳಗೇ ತಾಪ, ಆರ್ದ್ರತೆ ಕಾಯುವ ವ್ಯವಸ್ಥೆ ಇತ್ತು. ಹಾಳೆ ಮಾತ್ರ ಹಾಗೇ ಕೈಯಿಂದ ಕೈಗೆ ದಾಟಿಕೊಂಡು ಬಂದಿತ್ತು.

ಶುದ್ಧತೆಯ ದರ್ಜೆಯದೂ ಇದೇ ಕತೆ. ಐಎಸ್‌ಒ 14644-1 ಹೇಳುವುದು ಗಾಳಿಯಲ್ಲಿ ಎಷ್ಟು ಕಣ ಇರಬಹುದು ಎಂದು ಮಾತ್ರ: 0.5 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡವು ಘನ ಮೀಟರಿಗೆ ಐಎಸ್‌ಒ 6ರಲ್ಲಿ 35,200, ಐಎಸ್‌ಒ 7ರಲ್ಲಿ 3,52,000. ಗಂಟೆಗೆ ಎಷ್ಟು ಸಲ ಗಾಳಿ ಬದಲಾಗಬೇಕು ಎಂದು ಅದು ಹೇಳುವುದೇ ಇಲ್ಲ. ಅದು ವಿನ್ಯಾಸಕಾರರ ರೂಢಿ, ರೂಢಿಗೆ ಭಯದ ಪಾಲನ್ನೂ ಕೂಡಿಸಿರುತ್ತಾರೆ. ಹಳೆಯ ಘಟಕದ ಜೋಡಣೆ ಕೋಣೆಯನ್ನು ಐಎಸ್‌ಒ 6 ಎಂದು ಕಟ್ಟಿದ್ದರು, ಕೆಲಸದ ಹೊತ್ತಿನಲ್ಲೂ ಅದು ಐಎಸ್‌ಒ 5ರ ಮಿತಿಯೊಳಗೇ ಇತ್ತು. ಅಲ್ಲಿ ನಡೆಯುವ ಕೆಲಸಕ್ಕೆ 7 ಸಾಕಾಗಿತ್ತು.

ಹೊಸ ಹಂಚಿಕೆ ಹೀಗಾಯಿತು: ಐಎಸ್‌ಒ 5 ಕೋಣೆ 300 ಚದರ ಮೀಟರ್, ಐಎಸ್‌ಒ 6 ಭಾಗ 700, ಉಳಿದ 1,400 ಐಎಸ್‌ಒ 7. ಕೋಣೆಗಳ ಒಳಚಾವಣಿಯಲ್ಲಿ ಗಾಳಿ ಸೋಸಿ ಕೆಳಗೆ ಬಿಡುವ ಫ್ಯಾನ್ ಫಿಲ್ಟರ್ ಯೂನಿಟ್‌ಗಳ ಸಂಖ್ಯೆ 1,200ರಿಂದ 860ಕ್ಕೆ ಇಳಿಯಿತು, ಗಾಳಿಯ ವೇಗ ಸೆಕೆಂಡಿಗೆ 0.45ರಿಂದ 0.40 ಮೀಟರಿಗೆ. ಒಟ್ಟು ಸುತ್ತುವ ಗಾಳಿ ಸೆಕೆಂಡಿಗೆ 390ರಿಂದ 250 ಘನ ಮೀಟರಿಗೆ ಬಂತು. ಫ್ಯಾನಿನ ವಿದ್ಯುತ್ ವೇಗದ ಘನಕ್ಕೆ ಅನುಗುಣ, ಹಾಗಾಗಿ 0.45ರಿಂದ 0.40 ಎಂಬ ಚಿಕ್ಕ ಇಳಿಕೆಯೇ ಪ್ರತಿ ಯೂನಿಟ್‌ನಲ್ಲಿ ಶೇ. 30 ಉಳಿಸುತ್ತದೆ. ಲೆಕ್ಕದಲ್ಲಿ 156 ಕಿಲೋವ್ಯಾಟ್ ಇದ್ದದ್ದು 79 ಆಯಿತು. ಫ್ಯಾನು ತಿಂದ ವಿದ್ಯುತ್ತೆಲ್ಲ ಕೋಣೆಯೊಳಗೇ ಶಾಖವಾಗುತ್ತದೆ, ಅದನ್ನು ತೆಗೆಯಲು ಚಿಲ್ಲರ್ ಇನ್ನೊಮ್ಮೆ ದುಡಿಯಬೇಕು. ಆ ಎರಡನೆಯ ಖರ್ಚೂ ಅರ್ಧವಾಯಿತು.

ಉತ್ಪಾದನಾ ವಿಭಾಗದ ಆತಂಕ ಒಂದಿತ್ತು: ನಾಳೆ ಆ ಕೋಣೆಯಲ್ಲಿ ಐಎಸ್‌ಒ 6 ಕೆಲಸ ಬಂದರೆ? ನ್ಯಾಯವಾದ ಪ್ರಶ್ನೆ. ಉತ್ತರವಾಗಿ ಚಾವಣಿಯ ಚೌಕಟ್ಟನ್ನೂ ವಿದ್ಯುತ್ ತಂತಿಯನ್ನೂ 1,200 ಯೂನಿಟ್‌ಗೇ ಹಾಕಿ, ಬೇಡವಾದ ಕಡೆ ಬರೀ ಮುಚ್ಚಳ ಕೂರಿಸಿದರು. ನಾಳೆ ಬೇಕೆಂದರೆ ಮುಚ್ಚಳ ತೆಗೆದು ಯೂನಿಟ್ ಇಡುವುದು ಒಂದು ವಾರಾಂತ್ಯದ ಕೆಲಸ. ಇದಾದ ಮೇಲೆ ಯಾರೂ ತಕರಾರು ತೆಗೆಯಲಿಲ್ಲ.

ಎರಡನೆಯ ತಿರುವು: ಎರಡು ಬಗೆಯ ತಣ್ಣೀರು

ಕೋಣೆಯ ಇಬ್ಬನಿ ಬಿಂದು 9.5 ಡಿಗ್ರಿ ಎಂದಾದರೆ, 13 ಡಿಗ್ರಿಯ ನೀರು ಓಡುವ ಕಾಯಿಲಿನ ಮೇಲೆ ಕೋಣೆಯ ಗಾಳಿ ಬೆವರುವುದಿಲ್ಲ. ಯಂತ್ರಗಳ ಶಾಖ ತೆಗೆಯಲು 13 ಡಿಗ್ರಿಯೇ ಸಾಕು, ತೇವ ತೆಗೆಯಲು ಮಾತ್ರ 6 ಬೇಕು. ಹಾಗಿದ್ದೂ ಎಲ್ಲಕ್ಕೂ 6 ಡಿಗ್ರಿ ಕೊಡುವುದು, ಪಾತ್ರೆ ತೊಳೆಯಲೂ ಕುಡಿಯುವ ನೀರನ್ನೇ ಸುರಿದ ಹಾಗೆ. ಚಿಲ್ಲರ್ ಕೊಡುವ ನೀರಿನ ತಾಪ ಒಂದು ಡಿಗ್ರಿ ಏರಿದರೆ ಅದರ ದಕ್ಷತೆ ಶೇ. 2ರಿಂದ 3 ಸುಧಾರಿಸುತ್ತದೆ. ಏಳು ಡಿಗ್ರಿಗೆ ಶೇ. 15ರಿಂದ 20.

ಹೊರಗಾಳಿಗೂ ಎರಡು ಹಂತದ ಕಾಯಿಲ್ ಇಟ್ಟರು. ಮೊದಲ ಕಾಯಿಲ್ 13 ಡಿಗ್ರಿ ನೀರಿನಲ್ಲಿ ಗಾಳಿಯನ್ನು 16 ಡಿಗ್ರಿಗೆ ಇಳಿಸುತ್ತದೆ, ಒಟ್ಟು ಕೆಲಸದ ಮೂರನೇ ಎರಡು ಭಾಗ ಅಲ್ಲೇ ಮುಗಿಯುತ್ತದೆ. ಎರಡನೆಯದು 6 ಡಿಗ್ರಿ ನೀರಿನಲ್ಲಿ ಉಳಿದ ತೇವ ತೆಗೆಯುತ್ತದೆ. ಹೊರಗಾಳಿ ಈಗ 32ರ ಬದಲು 23. ಕೂಡಿಸಿದರೆ 13 ಡಿಗ್ರಿಯ ಸಾಲಿಗೆ 2,750 ಕಿಲೋವ್ಯಾಟ್, 6 ಡಿಗ್ರಿಯ ಸಾಲಿಗೆ 470. ಒಟ್ಟು 3,220, ಹಿಂದಿನ 5,200ರ ಎದುರು.

ಮರುಬಿಸಿ ಬಹುಮಟ್ಟಿಗೆ ಬೇಡವಾಯಿತು. ಒಣಗಿದ ತಣ್ಣನೆಯ ಗಾಳಿಯನ್ನು ಹಾಗೇ ಚಾವಣಿಯ ಮೇಲಿನ ಪ್ಲೀನಮ್‌ಗೆ (ಗಾಳಿ ತುಂಬಿಕೊಳ್ಳುವ ಟೊಳ್ಳು ಜಾಗಕ್ಕೆ) ಬಿಟ್ಟು, ಸುತ್ತುವ ಗಾಳಿಯಲ್ಲಿ ಬೆರೆಸಿದರೆ ಅದೇ ಒಂದಿಷ್ಟು ಶಾಖ ಹೀರುತ್ತದೆ. ಬಿಡುವ ಜಾಗದಲ್ಲಿ ತೂತಿನ ಕೊಳವೆ ಹಾಕಿ ಹರಡಬೇಕು, ಇಲ್ಲವಾದರೆ ಒಂದು ಮೂಲೆ ಮಾತ್ರ ಗಡಗಡ ಅನ್ನುತ್ತದೆ.

ಆದರೂ ಸ್ವಲ್ಪ ಬಿಸಿ ಬೇಕೇ ಬೇಕು. ಲವಣ ಸೋಸುವ ಆರ್‌ಒ (ರಿವರ್ಸ್ ಆಸ್ಮೋಸಿಸ್) ಪೊರೆಗಳ ಮೂಲಕ ಹಾಯುವ ನೀರು ತಣ್ಣಗಿದ್ದರೆ ಹರಿವು ಪ್ರತಿ ಡಿಗ್ರಿಗೆ ಶೇ. 3ರಷ್ಟು ಕುಸಿಯುತ್ತದೆ, ಆದ್ದರಿಂದ ಗಂಟೆಗೆ 40 ಘನ ಮೀಟರ್ ನೀರನ್ನು 21ರಿಂದ 25 ಡಿಗ್ರಿಗೆ ಏರಿಸಬೇಕು. ಅದಕ್ಕೆ 186 ಕಿಲೋವ್ಯಾಟ್. ತಂಪು ದಿನಗಳ ಮರುಬಿಸಿ ಸೇರಿ 300. ಇದನ್ನು ಶಾಖ ಮರುಬಳಸುವ ಚಿಲ್ಲರ್ ಒಂದರಿಂದ ಕೊಡುವುದೆಂದಾಯಿತು: ಒಂದು ಕಡೆ 250 ಕಿಲೋವ್ಯಾಟ್ ತಂಪು, ಇನ್ನೊಂದು ಕಡೆ 42 ಡಿಗ್ರಿಯ ಬಿಸಿನೀರು.

ಖರ್ಚು ಇಳಿಸುವ ಸಭೆಯಲ್ಲಿ ಮೊದಲು ಕತ್ತರಿ ಬಿದ್ದದ್ದು ಇದಕ್ಕೇ. ಬಾಯ್ಲರ್ ಇದ್ದೇ ಇದೆಯಲ್ಲ, ಇದು ಆಮೇಲೆ ಸೇರಿಸೋಣ ಎಂದರು. ಆಮೇಲೆ ಸೇರಿಸೋಣ ಎಂದದ್ದು ಕಟ್ಟಡ ಕೆಲಸದಲ್ಲಿ ಯಾವತ್ತೂ ಸೇರುವುದಿಲ್ಲ. ತಂಡ ಎದುರು ಪ್ರಸ್ತಾವ ಇಟ್ಟಿತು: ಬಾಯ್ಲರನ್ನೇ ತೆಗೆಯೋಣ. ಅದರ ಕೋಣೆ, ಹೊಗೆಕೊಳವೆ, ಇಂಧನ ಸಾಲು, ಪರವಾನಗಿ ಎಲ್ಲ ಹೋದರೆ ಉಳಿದ ಹಣ ಶಾಖ ಚಿಲ್ಲರ್‌ನ ಹೆಚ್ಚಿನ ಬೆಲೆಗೆ ಸರಿಹೋಗುತ್ತದೆ. ಆಪತ್ತಿಗೆ 300 ಕಿಲೋವ್ಯಾಟ್ ವಿದ್ಯುತ್ ಹೀಟರ್. ಒಪ್ಪಿಗೆ ಸಿಕ್ಕಿತು. ಉಳಿತಾಯದ ಸಾಧನವನ್ನು ಅಲಂಕಾರವಾಗಿಟ್ಟರೆ ಕಡಿತದಲ್ಲಿ ಮೊದಲು ಹೋಗುವುದು ಅದೇ. ಅದಿಲ್ಲದೆ ಕಾರ್ಖಾನೆ ಓಡದು ಎಂಬಂತೆ ಇಟ್ಟದ್ದರಿಂದ ಇಲ್ಲಿ ಅದು ಉಳಿಯಿತು.

ಕಾಂಕ್ರೀಟಿನ ಬಗ್ಗೆ ಎರಡು ಮಾತು. ಕಂಪನದ ಮಿತಿಯನ್ನೂ ಇಡೀ ನೆಲಕ್ಕೆ ವಿಸಿ-ಸಿ, ಅಂದರೆ ಸೆಕೆಂಡಿಗೆ 12.5 ಮೈಕ್ರಾನ್, ಎಂದು ಕೇಳಿದ್ದರು. ನಿಜವಾಗಿ ಬೇಕಾದದ್ದು ಫೋಟೊಲಿಥೊಗ್ರಫಿಯ 300 ಚದರ ಮೀಟರಿಗೆ. ಅದನ್ನು ಪ್ರತ್ಯೇಕ ಅಡಿಪಾಯದ ಮೇಲೆ ಕಟ್ಟಿ, ಉಳಿದ ನೆಲವನ್ನು ತೆಳುವಾಗಿಸಿದರು. ಅಡಿಪಾಯದ ದಪ್ಪ ಹಾಸಿಗೆಯಲ್ಲಿ ಸಿಮೆಂಟಿನ ಅರ್ಧ ಭಾಗ ಕಬ್ಬಿಣದ ಊದುಕುಲುಮೆಯ ಕಿಟ್ಟದ ಪುಡಿ. ಅದು ನಿಧಾನವಾಗಿ ಬಲ ಪಡೆಯುತ್ತದಾದ್ದರಿಂದ ಪರೀಕ್ಷೆಯನ್ನು 28ರ ಬದಲು 56ನೇ ದಿನಕ್ಕೆ ಇಟ್ಟರು. ಮೇಲಿನ ಚಪ್ಪಡಿಗಳಲ್ಲಿ ಪ್ರಮಾಣ ಕಡಿಮೆ, ಅಲ್ಲಿ ಸೆಂಟ್ರಿಂಗ್ ಬಿಚ್ಚಲು ಕಾಯುವ ದಿನಗಳೇ ದುಬಾರಿ.

ನೀರು: ಎರಡು ಸಲ ಎಡವಿದ್ದು

ಗಂಟೆಗೆ 40 ಘನ ಮೀಟರ್ ನೀರು ಆರ್‌ಒಗೆ ಹೋದರೆ 30 ಶುದ್ಧವಾಗಿ ಬರುತ್ತದೆ, 10 ಹೊರಬೀಳುತ್ತದೆ. ಆ ಹತ್ತನ್ನು ಕೂಲಿಂಗ್ ಟವರಿಗೆ ತಿರುಗಿಸುವುದೆಂದು ನಕ್ಷೆಯಲ್ಲಿತ್ತು, ನೋಡಲು ಚಂದ. ಆದರೆ ಮೂಲ ನೀರಿನಲ್ಲಿ ಲೀಟರಿಗೆ 20 ಮಿಲಿಗ್ರಾಂ ಸಿಲಿಕಾ ಇದ್ದರೆ ಹೊರಬಿದ್ದ ನೀರಿನಲ್ಲಿ 80. ಟವರಿನಲ್ಲಿ 150 ದಾಟಿದರೆ ಗಾಜಿನಂಥ ಪದರ ಕೂರುತ್ತದೆ, ಆಮ್ಲಕ್ಕೂ ಸುಲಭವಾಗಿ ಬಗ್ಗದು. ಅಂದರೆ ಆವಿಯಾಗುತ್ತಾ ನೀರಿನ ಸಿಲಿಕಾ ಎರಡು ಪಟ್ಟಾಗುವ ಮೊದಲೇ ಚೆಲ್ಲಬೇಕು, ಆವಿಯಾದದ್ದಕ್ಕಿಂತ ಚೆಲ್ಲುವುದೇ ಹೆಚ್ಚು. ಮೂಲ ನೀರಿನಲ್ಲಿ ಐದು ಪಟ್ಟಿನವರೆಗೆ ಓಡಿಸಿದರೆ ಚೆಲ್ಲುವುದು ಆವಿಯಾದದ್ದರ ಕಾಲುಭಾಗ. ಹೊರಬಿದ್ದ ನೀರನ್ನು ಸ್ಕ್ರಬ್ಬರ್‌ಗಳಿಗೂ ಶೌಚಾಲಯಕ್ಕೂ ಕೊಟ್ಟು ಈ ತಪ್ಪನ್ನು ಕಾಗದದ ಮೇಲೇ ತಿದ್ದಿದರು.

ಸ್ಕ್ರಬ್ಬರ್ ನೀರಿನ ಲೆಕ್ಕದಲ್ಲಿ ಇನ್ನೊಂದು ಬಿಟ್ಟುಹೋಗಿತ್ತು. ಕೊನೆಗೂ ಜಾಗ ಪಡೆದ ಅನಿಲ ಸುಡುವ ಸಾಧನಗಳು ಸಲ್ಫರ್ ಹೆಕ್ಸಾಫ್ಲೋರೈಡನ್ನು ಒಡೆದಾಗ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ, ಅದನ್ನು ನೀರಿನಲ್ಲಿ ತೊಳೆಯಬೇಕು. ಆ ನೀರಿಗೆ ಸುಣ್ಣ ಬೆರೆಸಿ ಫ್ಲೋರೈಡನ್ನು ಗಸಿಯಾಗಿ ಇಳಿಸಬೇಕು, ಗಸಿ ಸಾಗಿಸಬೇಕು. ಗಾಳಿಯ ಸಮಸ್ಯೆ ನೀರಿಗೆ, ನೀರಿನದು ಗಸಿಗೆ ದಾಟುತ್ತದೆ. ಮೂರನ್ನೂ ಒಂದೇ ಹಾಳೆಯಲ್ಲಿ ಲೆಕ್ಕ ಹಾಕದವರಿಗೆ ಕೊನೆಯಲ್ಲಿ ಟ್ಯಾಂಕಿಗೆ ಜಾಗ ಇರುವುದಿಲ್ಲ. ಇಲ್ಲಿ ವಾಹನ ನಿಲ್ಲಿಸುವ ಜಾಗದ ಒಂದು ಮೂಲೆ ಹೋಯಿತು.

ಎರಡನೆಯ ಎಡವಟ್ಟು ಕಾಗದದ ಮೇಲೆ ಸಿಗಲಿಲ್ಲ. ವೇಫರ್ ತೊಳೆದ ನೀರಿನಲ್ಲಿ ಮೊದಲ ತೊಳೆತ ಕೊಳಕು, ಆಮೇಲಿನವು ಮೂಲ ನೀರಿಗಿಂತ ಶುದ್ಧ. ವಿದ್ಯುದ್ವಾಹಕತೆ ಅಳೆದು, ಕಡಿಮೆ ಇದ್ದರೆ ಮರುಬಳಕೆಗೆ, ಹೆಚ್ಚಿದ್ದರೆ ಚರಂಡಿಗೆ ತಿರುಗಿಸುವ ವಾಲ್ವ್ ಇಟ್ಟಿದ್ದರು. ಶೇ. 60 ಮರುಬಳಕೆ ಗುರಿ. ಓಡಲು ಶುರುವಾದ ಮೂರನೇ ತಿಂಗಳಲ್ಲಿ ಒಂದು ರಾತ್ರಿ ಅಲ್ಟ್ರಾಪ್ಯೂರ್ ನೀರಿನ ಒಟ್ಟು ಸಾವಯವ ಇಂಗಾಲ 5 ಪಿಪಿಬಿ (ನೂರು ಕೋಟಿಯಲ್ಲಿ 5 ಭಾಗ) ಮಿತಿ ದಾಟಿ 30ಕ್ಕೆ ಏರಿತು. ತೊಳೆಯುವ ಬೆಂಚುಗಳೆಲ್ಲ ಒಂಬತ್ತು ಗಂಟೆ ನಿಂತವು.

ಕಾರಣ ತೀರಾ ಮಾಮೂಲಿ. ನಿರ್ವಹಣೆಯವರು ಒಂದು ತೊಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ನೀರು ಬಿಟ್ಟು ತೊಳೆದಿದ್ದರು. ಆ ಆಲ್ಕೋಹಾಲ್ ಅಯಾನುಗಳಾಗಿ ಒಡೆಯುವುದಿಲ್ಲ, ವಿದ್ಯುತ್ ಹರಿಸುವುದಿಲ್ಲ. ಮೀಟರಿನ ಕಣ್ಣಿಗೆ ಅದು ಅಪ್ಪಟ ನೀರು. ವಾಲ್ವ್ ಮರುಬಳಕೆಯ ಕಡೆ ತೆರೆದುಕೊಂಡಿತು. ಅಣು ಚಿಕ್ಕದು, ಆವೇಶವಿಲ್ಲದ್ದು, ಹಾಗಾಗಿ ಆರ್‌ಒ ಪೊರೆ ಪೂರ್ತಿ ತಡೆಯಲಿಲ್ಲ, ಅಯಾನು ವಿನಿಮಯ ರಾಳ ಹಿಡಿಯಲೇ ಇಲ್ಲ, 185 ನ್ಯಾನೊಮೀಟರ್ ನೇರಳಾತೀತ ದೀಪ ಒಂದಿಷ್ಟನ್ನು ಸುಟ್ಟು ಉಳಿದದ್ದನ್ನು ಬಿಟ್ಟುಕೊಟ್ಟಿತು.

ತಿದ್ದಿದ್ದು ಹೀಗೆ. ವಾಲ್ವಿನ ಸಹಜ ಸ್ಥಿತಿ ಚರಂಡಿಯ ಕಡೆ. ಮರುಬಳಕೆಗೆ ತಿರುಗಬೇಕಾದರೆ ಮೂರು ಅನುಮತಿ ಒಟ್ಟಿಗೆ ಬೇಕು: ಯಂತ್ರ ಕಳಿಸುವ "ಕೊನೆಯ ತೊಳೆತ" ಸಂಕೇತ, ಕಡಿಮೆ ವಾಹಕತೆ, ಕಡಿಮೆ ಸಾವಯವ ಇಂಗಾಲ. ಯಂತ್ರವನ್ನು ಕೈಯಿಂದ ನಡೆಸುವ ಸ್ಥಿತಿಗೆ ಹಾಕಿದರೆ ವಾಲ್ವ್ ಚರಂಡಿಗೇ ಬೀಗ. ಇಂಗಾಲ ಅಳೆಯುವ ಸಾಧನ ಉತ್ತರ ಕೊಡಲು ಆರು ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ನೀರು ಮುಂದೆ ಹೋಗಿಬಿಟ್ಟಿರುತ್ತದೆ. ಅದಕ್ಕಾಗಿ ಗಂಟೆಗೆ 12 ಘನ ಮೀಟರ್ ಹರಿವನ್ನು 20 ನಿಮಿಷ ಹಿಡಿದಿಡುವ, ತಲಾ 4 ಘನ ಮೀಟರಿನ ಎರಡು ತೊಟ್ಟಿ. ಒಂದು ತುಂಬುವಾಗ ಇನ್ನೊಂದು ಪರೀಕ್ಷೆ ಮುಗಿಸಿ ಖಾಲಿಯಾಗುತ್ತದೆ. ಮರುಬಳಕೆ ಈಗ ಶೇ. 40ರ ಹತ್ತಿರ. 60 ಮುಟ್ಟಿಲ್ಲ, ಮುಟ್ಟಿಸಲು ಯಾರಿಗೂ ಆತುರವಿಲ್ಲ.

ಕಮಿಷನಿಂಗ್ ದಿನಗಳು

ನಕ್ಷೆಯಲ್ಲಿ ಸರಿಯಿದ್ದು ಓಡಿಸಿದಾಗ ತೊಂದರೆ ಕೊಟ್ಟವು ನಾಲ್ಕು.

13 ಡಿಗ್ರಿ ಕೊಳವೆಗಳು ಬೆವರುವುದಿಲ್ಲ ಎಂಬ ಮಾತು ಗುತ್ತಿಗೆದಾರರ ಕಿವಿಗೆ ಬಿದ್ದು, ಅವರು ಅದಕ್ಕೆ ತೆಳು ಹೊದಿಕೆ ಸುತ್ತಿದರು. ಬೆವರದೆ ಇರುವುದು ಕ್ಲೀನ್‌ರೂಮಿನೊಳಗೆ. ಪಂಪ್ ಕೋಣೆಯಲ್ಲಿ ಹೊರಗಿನ ಗಾಳಿ, ಅದರ ಇಬ್ಬನಿ ಬಿಂದು 25 ಡಿಗ್ರಿ. ಒಂದು ಬೆಳಗ್ಗೆ ವಿದ್ಯುತ್ ಪೆಟ್ಟಿಗೆಯ ನೆತ್ತಿಯ ಮೇಲೆ ಹನಿ ತೊಟ್ಟಿಕ್ಕುತ್ತಿದ್ದದ್ದು ಕಂಡಿತು. 6 ಡಿಗ್ರಿ ಕೊಳವೆಯ ದಪ್ಪದ ಹೊದಿಕೆಯನ್ನೇ ಇದಕ್ಕೂ ಹಾಕಿ, ಕೀಲುಗಳಿಗೆ ಆವಿ ತಡೆಯುವ ಪಟ್ಟಿ ಅಂಟಿಸಬೇಕಾಯಿತು.

ಎರಡನೆಯದು ರಾತ್ರಿಯ ಗಾಳಿ. ಐಎಸ್‌ಒ 14644-16, 2019ರಲ್ಲಿ ಬಂದ ಭಾಗ, ಕ್ಲೀನ್‌ರೂಮಿನ ವಿದ್ಯುತ್ ಉಳಿತಾಯದ ಬಗ್ಗೆಯೇ ಇದೆ. ಕೆಲಸವಿಲ್ಲದ ಹೊತ್ತಿನಲ್ಲಿ ಗಾಳಿ ಇಳಿಸುವುದನ್ನು ಅದೂ ಹೇಳುತ್ತದೆ. ರಾತ್ರಿ ಫ್ಯಾನುಗಳನ್ನು ಶೇ. 65 ವೇಗಕ್ಕೆ ಇಳಿಸಿದರು, ಕಣಗಳ ಎಣಿಕೆ ಏರಲಿಲ್ಲ. ಏರಿದ್ದು ತಾಪ. ಕುಲುಮೆಗಳು ರಾತ್ರಿಯೂ ಉರಿಯುತ್ತವೆ, ಫ್ಯಾನು ನಿಧಾನವಾದರೆ ತಣ್ಣನೆಯ ಕಾಯಿಲುಗಳ ಮೇಲೆ ಹಾಯುವ ಗಾಳಿಯೂ ಕಡಿಮೆ. ಕುಲುಮೆಯ ಸಾಲಿನಲ್ಲಿ 23.4 ಡಿಗ್ರಿ ಆಯಿತು. ಆ ಸಾಲನ್ನು ರಾತ್ರಿ ಇಳಿಕೆಯಿಂದ ಬಿಟ್ಟು, ಉಳಿದ ಕಡೆ ಕೋಣೆಯ ತಾಪವೇ ಫ್ಯಾನಿನ ಕನಿಷ್ಠ ವೇಗ ತೀರ್ಮಾನಿಸುವಂತೆ ಮಾಡಿದರು.

ಮೂರನೆಯದು ಬಾಗಿಲು. ಬೆಂಚುಗಳು ಖಾಲಿಯಿದ್ದಾಗ ಎಕ್ಸಾಸ್ಟ್ ಡ್ಯಾಂಪರ್ (ಗಾಳಿಯ ಹರಿವನ್ನು ಹೆಚ್ಚುಕಡಿಮೆ ಮಾಡುವ ಮುಚ್ಚಳ) 15 ಸೆಕೆಂಡಿನಲ್ಲಿ ಕನಿಷ್ಠಕ್ಕೆ ಇಳಿಯುತ್ತಿತ್ತು. ಮೂರು ಬೆಂಚು ಒಟ್ಟಿಗೆ ಇಳಿದರೆ ಹೊರಗಾಳಿಯ ಫ್ಯಾನ್ ಅಷ್ಟು ಬೇಗ ಹಿಂದೆ ಸರಿಯಲಾರದು. ಕೋಣೆಯ ಒತ್ತಡ 15ರಿಂದ 40 ಪ್ಯಾಸ್ಕಲ್‌ಗೆ ಜಿಗಿದು, ಬಾಗಿಲು ಎಳೆಯಲು ಭುಜ ಕೊಡಬೇಕಾಗುತ್ತಿತ್ತು. ಡ್ಯಾಂಪರ್ ಚಲಿಸುವ ಅವಧಿಯನ್ನು 120 ಸೆಕೆಂಡಿಗೆ ಹಿಗ್ಗಿಸಿದ ಮೇಲೆ ಸರಿಹೋಯಿತು. ಬೆಂಚಿನ ಮುಖದಲ್ಲಿ ರಾಸಾಯನಿಕ ಆವಿ ಹೊರಬಾರದಷ್ಟು ಸೆಳೆತ ಕನಿಷ್ಠದಲ್ಲೂ ಉಳಿಯುತ್ತದೆಯೇ ಎಂದು ಹೊಗೆ ಬಿಟ್ಟು ನೋಡಿಯೇ ಮುಂದುವರಿದರು. ಇದರಲ್ಲಿ ರಾಜಿ ಇಲ್ಲ.

ನಾಲ್ಕನೆಯದನ್ನು ತಿದ್ದಲಾಗಲಿಲ್ಲ. 6 ಡಿಗ್ರಿಯ ಸಾಲಿಗೆ 500 ಕಿಲೋವ್ಯಾಟಿನ ಎರಡು ಚಿಲ್ಲರ್ ತಂದಿದ್ದರು, ಒಂದು ಓಡಲು, ಒಂದು ಬದಲಿಗೆ. ಒಣ ಹವೆಯ ರಾತ್ರಿಗಳಲ್ಲಿ ಹೊರೆ 60ಕ್ಕೆ ಇಳಿದಾಗ ಚಿಲ್ಲರ್ ಅಷ್ಟು ಕೆಳಗೆ ಬರಲಾರದೆ ಹತ್ತತ್ತು ನಿಮಿಷಕ್ಕೆ ನಿಂತು ಓಡುತ್ತದೆ. ತಣ್ಣೀರಿನ ತೊಟ್ಟಿಯೊಂದನ್ನು ನಡುವೆ ಸೇರಿಸಿ ಸಮಾಧಾನ ಮಾಡಿದ್ದಾರೆ. 250ರ ಮೂರು ಚಿಲ್ಲರ್ ತರಬೇಕಿತ್ತು. ಗರಿಷ್ಠ ಹೊರೆಯನ್ನು ಅಷ್ಟು ಚಿಕಿತ್ಸಕವಾಗಿ ಅಳೆದ ತಂಡ ಕನಿಷ್ಠ ಹೊರೆಯನ್ನು ಕೇಳಲು ಮರೆತಿತ್ತು.

ಒಂದು ವರ್ಷದ ನಂತರ

ಫ್ಯಾನ್ ಫಿಲ್ಟರ್‌ಗಳು 79 ಅಲ್ಲ, 92 ಕಿಲೋವ್ಯಾಟ್ ತೆಗೆದುಕೊಳ್ಳುತ್ತಿವೆ. ಹೊರಗಾಳಿ 23ರ ಬದಲು 25, ಬಾಗಿಲು ಮತ್ತು ಕೊಳವೆಯ ತೂತುಗಳ ಸೋರಿಕೆ ಎಣಿಸಿದ್ದಕ್ಕಿಂತ ಹೆಚ್ಚು. ಒಟ್ಟು ತಂಪಿನಲ್ಲಿ ಐದರಲ್ಲಿ ನಾಲ್ಕು ಪಾಲು 13 ಡಿಗ್ರಿಯ ಸಾಲಿನಿಂದಲೇ ಬರುತ್ತಿದೆ. ವಿದ್ಯುತ್ ಹೀಟರ್ ಓಡಿದ್ದು ಶಾಖ ಚಿಲ್ಲರಿನ ವಾರ್ಷಿಕ ನಿರ್ವಹಣೆಯ ವಾರದಲ್ಲಿ ಮಾತ್ರ. ಐಎಸ್‌ಒ 7ಕ್ಕೆ ಇಳಿಸಿದ ಕೋಣೆಗಳಲ್ಲಿ ಕಣಗಳಿಂದಾಗಿ ತಿರಸ್ಕೃತವಾದ ಉತ್ಪನ್ನ ಹೆಚ್ಚಲಿಲ್ಲ.

ಹೀಗಿದ್ದೂ ಮೊದಲ ಆರು ತಿಂಗಳ ವರದಿಯಲ್ಲಿ ಹೊಸ ಕಾರ್ಖಾನೆ ಹಳೆಯದಕ್ಕಿಂತ ದುಂದುಗಾರ ಎಂದು ಕಂಡಿತು. ಒಂದು ವೇಫರ್‌ಗೆ ತಗಲಿದ ವಿದ್ಯುತ್ ಹೆಚ್ಚಿತ್ತು. ಉತ್ಪಾದನೆ ಸಾಮರ್ಥ್ಯದ ಶೇ. 40ರಲ್ಲಿತ್ತು, ಆದರೆ ಗಾಳಿ, ತಂಪು, ಶುದ್ಧ ನೀರಿನ ಸುತ್ತು, ವ್ಯಾಕ್ಯೂಮ್ ಪಂಪುಗಳು ವೇಫರ್ ಇದ್ದರೂ ಇಲ್ಲದಿದ್ದರೂ ಓಡುತ್ತವೆ. ಹಳೆಯ ಘಟಕ ಪೂರ್ತಿ ಹೊರೆಯಲ್ಲಿದ್ದಾಗಿನ ಅಂಕಿಗೆ ಇದನ್ನು ಹೋಲಿಸಿದ್ದರು. ಹೋಲಿಕೆ ತಪ್ಪು ಎಂದು ವಾದಿಸಿ ಮುಗಿಸಬಹುದಿತ್ತು. ತಂಡ ಹಾಗೆ ಮಾಡದೆ, ಖಾಲಿ ಇರುವ ಅರ್ಧ ಜೋಡಣೆ ಕೋಣೆಯ ಫ್ಯಾನುಗಳನ್ನು ನಿಲ್ಲಿಸಲು ಹೊರಟಿತು. ಆಗಲಿಲ್ಲ. ನೆಲದಿಂದ ಚಾವಣಿಗೆ ಗೋಡೆ ಕಟ್ಟಿದ್ದರೂ ಚಾವಣಿಯ ಮೇಲಿನ ಪ್ಲೀನಮ್ ಒಂದೇ. ಒಂದು ಕಡೆ ಫ್ಯಾನ್ ನಿಲ್ಲಿಸಿದರೆ ಆ ತೂತುಗಳಿಂದ ಗಾಳಿ ಹಿಮ್ಮುಖವಾಗಿ ನುಗ್ಗುತ್ತಿತ್ತು. ಪ್ಲೀನಮ್‌ನಲ್ಲಿ ತಗಡಿನ ಎರಡು ಅಡ್ಡಗೋಡೆಗಳನ್ನು ಕಟ್ಟುವಾಗಲೇ ಹಾಕಿದ್ದರೆ ನಾಲ್ಕು ದಿನದ ಕೆಲಸ. ಕ್ಲೀನ್‌ರೂಮ್ ಓಡುತ್ತಿರುವಾಗ ಅದನ್ನು ಹಾಕಲು ಮುಂದಿನ ವಾರ್ಷಿಕ ನಿಲುಗಡೆಯವರೆಗೆ ಕಾಯಬೇಕು.

ವ್ಯಾಕ್ಯೂಮ್ ಪಂಪುಗಳಲ್ಲಿ ಮಾತ್ರ ಬೇಗ ಫಲ ಸಿಕ್ಕಿತು. ಯಂತ್ರ ಖಾಲಿಯಿದ್ದಾಗ ಪಂಪನ್ನು ನಿಧಾನಗತಿಗೆ ಇಳಿಸುವ ಸಂಕೇತ ಹೆಚ್ಚಿನ ಯಂತ್ರಗಳಲ್ಲಿ ಮೊದಲೇ ಇತ್ತು, ತಂತಿ ಜೋಡಿಸಿರಲಿಲ್ಲ. ಖರೀದಿ ಒಪ್ಪಂದದಲ್ಲಿ ಆ ಸಾಲು ಬರೆದಿರಲಿಲ್ಲವಾದ್ದರಿಂದ ಯಂತ್ರ ಕೂರಿಸಿದವರೂ ಜೋಡಿಸಲು ಹೋಗಲಿಲ್ಲ.

ನಾಲ್ಕು ಅಂಕಣದ ಕೋಷ್ಟಕ ಈಗಲೂ ಬಳಕೆಯಲ್ಲಿದೆ, ಹೊಸ ಯಂತ್ರ ಬರುವಾಗಲೆಲ್ಲ ಒಂದು ಸಾಲು ಸೇರುತ್ತದೆ. 45 ± 3 ಒಂದು ಸಾಲಿನಲ್ಲಿ ಉಳಿದಿದೆ, ಫೋಟೊರೆಸಿಸ್ಟ್ ಲೇಪಿಸುವ ಪೆಟ್ಟಿಗೆಯದು, ಕಾರಣವನ್ನೂ ಬರೆದಿದ್ದಾರೆ. ವೇಫರ್ ಕಪಾಟುಗಳಿಗೆ ಹಗಲಿರುಳು ಹಾಯುವ ನೈಟ್ರೋಜನ್ ಸಾಲಿನಲ್ಲಿ ಅಂಕಿ ಇದೆ, ಮೀಟರ್ ಇದೆ. "ಯಾರು" ಮತ್ತು "ಯಾಕೆ" ಅಂಕಣಗಳು ಖಾಲಿ. ಹಳೆಯ ಘಟಕದಿಂದ ಬಂದದ್ದು ಎಂದಷ್ಟೇ ಯಾರೋ ಪೆನ್ಸಿಲಿನಲ್ಲಿ ಗೀಚಿದ್ದಾರೆ.